ಪರೀಕ್ಷೆ ಉಚಿತ, ಆದರೆ ಆ ಬಾಗಿಲಿಗೆ ಹೋಗುವುದೇ ಕಷ್ಟ

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ಎಆರ್‌ಟಿ (ವೈರಾಣುವನ್ನು ಹತೋಟಿಯಲ್ಲಿಡುವ) ಮಾತ್ರೆಯೂ 2004ರಿಂದ ಉಚಿತ. ಆದರೂ ಕಾಲೇಜು ಹುಡುಗ ಹುಡುಗಿಯರು ಆ ಕಡೆ ಸುಳಿಯಲು ಹೆದರುತ್ತಾರೆ. ಸಣ್ಣ ಊರಿನಲ್ಲಿ ಚೀಟಿ ಬರೆದುಕೊಡುವವರೋ, ಸಾಲಿನಲ್ಲಿ ನಿಂತವರೋ ಮನೆಯವರಿಗೆ ಗೊತ್ತಿರುವವರೇ. 18 ತುಂಬದಿದ್ದರೆ ಪರೀಕ್ಷೆಗೆ ಪೋಷಕರ ಒಪ್ಪಿಗೆ ಬೇಕು. ಅಪ್ಪ ಅಮ್ಮನ ಮುಂದೆ ಈ ಮಾತು ಎತ್ತುವ ಧೈರ್ಯ ಎಷ್ಟು ಮಕ್ಕಳಿಗಿದೆ?

ಹುಟ್ಟಿನಿಂದಲೇ ಸೋಂಕು ಇರುವವರ ಪಾಡು ಇನ್ನೂ ಕಷ್ಟ. ಔಷಧಿ ಸಿಕ್ಕಿದ್ದರಿಂದ ಅವರು ಬೆಳೆದು ಈಗ ಪಿಯುಸಿ, ಡಿಗ್ರಿ ಓದುತ್ತಿದ್ದಾರೆ. ಹಾಸ್ಟೆಲ್‌ನ ಒಂದೇ ರೂಮಿನಲ್ಲಿ ನಾಲ್ಕೈದು ಜನ. ದಿನಾ ಮಾತ್ರೆ ನುಂಗಬೇಕು. 'ಯಾಕೆ ಇದು?' ಎಂದು ಪಕ್ಕದವರು ಕೇಳಿದರೆ ಏನು ಹೇಳಬೇಕು? ಡಬ್ಬಿಯ ಲೇಬಲ್ ಕಿತ್ತು ವಿಟಮಿನ್ ಎನ್ನುವವರಿದ್ದಾರೆ. ಉತ್ತರ ಕೊಟ್ಟು ಸಾಕಾಗಿ ಮಾತ್ರೆಯನ್ನೇ ಬಿಡುವವರಿದ್ದಾರೆ. ಬಿಟ್ಟರೆ ವೈರಾಣು ಮತ್ತೆ ಹೆಚ್ಚುತ್ತದೆ, ಮುಂದೆ ಅದೇ ಔಷಧಿ ನಾಟದಂತೆ ಆಗಬಹುದು. ತಪ್ಪದೆ ನುಂಗಿ ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದೇ ಇಲ್ಲ. ಇಷ್ಟು ಒಳ್ಳೆಯ ಸುದ್ದಿಯನ್ನು ಓದಿದವರೂ ನಂಬದಿರುವುದು ನನಗೆ ತುಂಬಾ ನೋವಿನ ಸಂಗತಿ.

ಎಚ್‌ಐವಿ ಇದೆ ಎಂದು ಓದು, ಕೆಲಸ, ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಎನ್ನುತ್ತದೆ 2017ರ ಕಾಯ್ದೆ. ವಿಷಯವನ್ನು ಗುಟ್ಟಾಗಿಡಬೇಕು ಎಂದೂ ಇದೆ. ಜಾರಿಯಾಗಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಹಾಸ್ಟೆಲ್ ವಾರ್ಡನ್‌ಗಳಿಗೆ ಇದನ್ನು ಯಾರು ತಿಳಿಸಬೇಕು?

ಕಾಲೇಜುಗಳ ಏಡ್ಸ್ ಜಾಗೃತಿಯ ರೆಡ್ ರಿಬ್ಬನ್ ಕ್ಲಬ್ ಡಿಸೆಂಬರ್ 1ರ ಏಡ್ಸ್ ದಿನದ ಜಾಥಾ, ಭಾಷಣಕ್ಕೇ ಮುಗಿಯಬಾರದು. ಐಸಿಟಿಸಿ ಆಪ್ತ ಸಮಾಲೋಚಕರು ಆಗಾಗ ಕಾಲೇಜಿಗೆ ಬರಲಿ, ಹುಡುಗರ ಜೊತೆ ಒಬ್ಬೊಬ್ಬರಾಗಿ ಮಾತಾಡಲಿ. ಎಚ್‌ಐವಿ ಪರೀಕ್ಷೆಗೆ ಬೇರೆ ಬೋರ್ಡು, ಬೇರೆ ಸಾಲು ಯಾಕೆ? ಸಕ್ಕರೆ, ರಕ್ತಹೀನತೆಗೆ ರಕ್ತ ಕೊಡುವ ಕೋಣೆಯಲ್ಲೇ ಇದಕ್ಕೂ ಕೊಡುವಂತಾದರೆ ಯಾರು ಯಾಕೆ ಬಂದರು ಎಂದು ಗೊತ್ತಾಗುವುದಿಲ್ಲ, ಅಲ್ವಾ? ಕ್ಲಾಸ್ ತಪ್ಪಿಸದೆ ಬರಲು ವಾರಕ್ಕೊಂದು ದಿನವಾದರೂ ಸಂಜೆ ಕೇಂದ್ರ ತೆರೆದಿರಲಿ. ಉಚಿತ ಸಹಾಯವಾಣಿ 1097ರ ನಂಬರನ್ನು ಪ್ರತಿ ಹಾಸ್ಟೆಲ್‌ನಲ್ಲೂ ಹಾಕಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಶೈಕ್ಷಣಿಕ ವರ್ಷದಲ್ಲೇ ಇದನ್ನು ಶುರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ಪದವಿ ಕಾಲೇಜು ಉಪನ್ಯಾಸಕಿ, ಬಾಗಲಕೋಟೆ