ತಿಂದದ್ದು ಮೈಗೆ ಹತ್ತದವರಿಗೆ ಬೇಕಿರುವುದು ಪುಡಿಯಲ್ಲ, ಲೆಕ್ಕ

ಮಾನ್ಯ ಸಂಪಾದಕರೇ,

ಬೊಜ್ಜು ಕರಗಿಸುವುದು ಹೇಗೆಂದು ಆರೋಗ್ಯ ಪುಟಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಎಷ್ಟು ಉಂಡರೂ ಮೈಗೆ ಹತ್ತದೆ ಒದ್ದಾಡುವವರಿಗೆ ಸಿಗುವುದು ಎರಡೇ: ‘ಪುಣ್ಯವಂತರು ಕಣ್ರೀ, ಏನು ತಿಂದರೂ ದಪ್ಪ ಆಗಲ್ಲ’ ಎಂಬ ಮಾತು, ಇಲ್ಲವೇ ತಿಂಗಳಲ್ಲಿ ಹತ್ತು ಕಿಲೊ ಏರಿಸುತ್ತೇವೆ ಎನ್ನುವ ಡಬ್ಬಿಯ ಜಾಹೀರಾತು. ‘ಕಡ್ಡಿ ಪೈಲ್ವಾನ್’ ಎಂದು ಕರೆಸಿಕೊಂಡೇ ಬೆಳೆದ ಹುಡುಗರು, ಹುಡುಗಿಯರು ಕೊನೆಗೆ ಆ ಡಬ್ಬಿಗೇ ಕೈ ಹಾಕುತ್ತಾರೆ. ಅದು ತಪ್ಪಲಿ ಎಂದು ಈ ಪತ್ರ. ತುಸು ಉದ್ದವಾಗಿದೆ, ಆದರೂ ಪೂರ್ತಿ ಪ್ರಕಟಿಸಬೇಕೆಂದು ಕೋರಿಕೆ.

ಮೊದಲು, ತೂಕ ನಿಜಕ್ಕೂ ಕಡಿಮೆಯೇ? ಕಿಲೊದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಬರುತ್ತದೆ. ವಯಸ್ಕರಲ್ಲಿ ಅದು 18.5ಕ್ಕಿಂತ ಕೆಳಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಡಿಮೆ ತೂಕ. 170 ಸೆಂ.ಮೀ. ಎತ್ತರದವರಿಗೆ ಆ ಗೆರೆ ಸುಮಾರು 53.5 ಕಿಲೊ. ಗೆರೆಯ ಮೇಲಿದ್ದೂ ಕನ್ನಡಿಯಲ್ಲಿ ಸಣಕಲಾಗಿ ಕಾಣುವವರಿಗೆ ಬೇಕಿರುವುದು ಸ್ನಾಯು, ಬರೀ ತೂಕವಲ್ಲ. ಬೆಳೆಯುವ ಮಕ್ಕಳಿಗೆ ಈ ಲೆಕ್ಕ ಹಾಕಬಾರದು, ಅವರಿಗೆ ವಯಸ್ಸಿನ ಪ್ರಕಾರದ ಬೆಳವಣಿಗೆ ಪಟ್ಟಿಯೇ ಬೇರೆ ಇದೆ.

ಹುಟ್ಟಾ ತೆಳ್ಳಗಿರುವುದು ಬೇರೆ, ಇದ್ದ ತೂಕ ಇಳಿಯುವುದು ಬೇರೆ. ಪ್ರಯತ್ನವೇ ಇಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ಶೇ 5ರಷ್ಟು ತೂಕ ಹೋಗಿದ್ದರೆ, ಅಂದರೆ 60 ಕಿಲೊ ಇದ್ದವರು 57ಕ್ಕೆ ಇಳಿದಿದ್ದರೆ, ಅಡುಗೆಮನೆಗಿಂತ ಮೊದಲು ವೈದ್ಯರ ಬಳಿ ಹೋಗಬೇಕು. ಚೆನ್ನಾಗಿ ಉಣ್ಣುತ್ತಿದ್ದರೂ ಸೊರಗುವುದು, ಎದೆ ಡವಗುಟ್ಟುವುದು, ಕೈ ನಡುಗುವುದು, ಸೆಕೆ ತಡೆಯದಿರುವುದು ಇದ್ದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರಬಹುದು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಬಂದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಅದೇ ದಿನ ಆಗಬೇಕು. ಎರಡು ವಾರ ದಾಟಿದ ಕೆಮ್ಮು, ರಾತ್ರಿ ಬೆವರು, ಸಂಜೆ ಜ್ವರ ಕ್ಷಯದ ಲಕ್ಷಣಗಳು. ನಿಲ್ಲದ ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ ಇದ್ದರೆ ತಿಂದದ್ದು ಕರುಳಿನಲ್ಲಿ ಹೀರಲ್ಪಡುತ್ತಿಲ್ಲ ಎಂದು ಅನುಮಾನಿಸಬೇಕು. ಊಟವೆಂದರೆ ಭಯ ಅಥವಾ ಮನಸ್ಸಿಗೆ ಕವಿದ ಬೇಸರದಿಂದ ಹಸಿವೇ ಸತ್ತಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಇವುಗಳಲ್ಲಿ ಯಾವುದಿದ್ದರೂ ‘ನಂದು ಮೆಟಬಾಲಿಸಂ ಜಾಸ್ತಿ’ ಎಂದುಕೊಂಡು ಕೂರುವುದು ಅಪಾಯ.

ಇನ್ನು ಆ ಮೆಟಬಾಲಿಸಂ, ಅಂದರೆ ಚಯಾಪಚಯ, ದೇಹ ಶಕ್ತಿ ಸುಡುವ ಬಗೆ. ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿಯಲ್ಲಿ ಒಂದೇ ಎತ್ತರ, ತೂಕ, ವಯಸ್ಸಿನ ಇಬ್ಬರ ನಡುವೆ ವ್ಯತ್ಯಾಸ ಇದೆ, ಆದರೆ ಸಾಮಾನ್ಯವಾಗಿ ದಿನಕ್ಕೆ ನೂರಿನ್ನೂರು ಕ್ಯಾಲೊರಿ. ದೊಡ್ಡ ವ್ಯತ್ಯಾಸ ಇರುವುದು ನಮಗೇ ಗೊತ್ತಾಗದ ಚಲನೆಯಲ್ಲಿ: ಕೂತಲ್ಲಿ ಕಾಲು ಕುಣಿಸುವುದು, ಫೋನು ಹಿಡಿದು ಅತ್ತಿಂದಿತ್ತ ಓಡಾಡುವುದು, ಐದು ನಿಮಿಷಕ್ಕೊಮ್ಮೆ ಏಳುವುದು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಜೇಮ್ಸ್ ಲಿವೈನ್ ಮತ್ತು ಸಂಗಡಿಗರು 16 ಮಂದಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲೊರಿ ಹೆಚ್ಚಿಗೆ ಉಣ್ಣಿಸಿ ನೋಡಿದರು; 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬರಿಗೆ ಸೇರಿದ ಕೊಬ್ಬು 4.23 ಕಿಲೊ, ಇನ್ನೊಬ್ಬರಿಗೆ ಬರೀ 0.36 ಕಿಲೊ. ಕೊಬ್ಬು ಹತ್ತದವರು ವ್ಯಾಯಾಮ ಮಾಡಿರಲಿಲ್ಲ. ಅವರ ದಿನನಿತ್ಯದ ಸಣ್ಣಪುಟ್ಟ ಚಲನೆ ತಾನಾಗಿ ಹೆಚ್ಚಿತ್ತು, ಒಬ್ಬರಲ್ಲಿ ದಿನಕ್ಕೆ ಸುಮಾರು 690 ಕ್ಯಾಲೊರಿಯಷ್ಟು. ಆದ್ದರಿಂದ ‘ತಿಂದರೂ ಹತ್ತಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅವರನ್ನು ಹಂಗಿಸಬೇಡಿ. ಆದರೆ ಲೆಕ್ಕಕ್ಕೆ ಸಿಗದ ಮಾಯೆಯೂ ಅದಲ್ಲ. ‘ಮೂವತ್ತು ದಾಟಲಿ, ತಾನಾಗಿ ಮೈ ತುಂಬಿಕೊಳ್ಳುತ್ತೆ’ ಎಂಬ ಸಮಾಧಾನಕ್ಕೂ ಆಧಾರ ಸಾಲದು. 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿ ಕಲೆಹಾಕಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ 20ರಿಂದ 60ರವರೆಗೆ ಚಯಾಪಚಯದ ವೇಗ ಹೆಚ್ಚುಕಡಿಮೆ ಒಂದೇ ಸಮ ಇತ್ತು.

ಹಾಗಾದರೆ ಎಲ್ಲಿಂದ ಶುರು? ಮೂರು ದಿನ, ಅದರಲ್ಲಿ ಒಂದು ರಜಾದಿನ, ಬಾಯಿಗೆ ಹೋದದ್ದನ್ನೆಲ್ಲ ಅಳೆದು ಬರೆದಿಡಿ. ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಸಾಮಾನ್ಯವಾಗಿ ಇಲ್ಲೇ ಗುಟ್ಟು ರಟ್ಟಾಗುತ್ತದೆ. ಒಂದು ದಿನ ಹೊಟ್ಟೆ ಬಿರಿಯುವಂತೆ ಉಂಡದ್ದು ನೆನಪಿರುತ್ತದೆ. ಮರುದಿನ ಬೆಳಿಗ್ಗೆ ಹಸಿವಿಲ್ಲದೆ ತಿಂಡಿ ಬಿಟ್ಟದ್ದು, ಮಧ್ಯಾಹ್ನ ಅರ್ಧ ಉಂಡದ್ದು ಮರೆತಿರುತ್ತದೆ. ಮೈಗೆ ಹತ್ತುವುದು ಸರಾಸರಿ, ಔತಣದ ದಿನವಲ್ಲ.

ತಿಂಗಳುಗಟ್ಟಲೆ ತೂಕ ಅಲ್ಲಾಡದೆ ನಿಂತಿದೆಯೆಂದರೆ ಈಗ ತಿನ್ನುತ್ತಿರುವಷ್ಟೇ ನಿಮ್ಮ ಖರ್ಚು ಎಂದರ್ಥ. ಅದಕ್ಕೆ ದಿನಕ್ಕೆ 300ರಿಂದ 500 ಕ್ಯಾಲೊರಿ ಸೇರಿಸಬೇಕು, ಅಷ್ಟೇ. ಬರೆದದ್ದು ಸರಿಯೋ ಎಂದು ತಾಳೆ ನೋಡಲು ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವಿದೆ: ಕಿಲೊ ತೂಕ ಗುಣಿಸು 10, ಅದಕ್ಕೆ ಸೆಂ.ಮೀ. ಎತ್ತರ ಗುಣಿಸು 6.25 ಕೂಡಿಸಿ, ವಯಸ್ಸು ಗುಣಿಸು 5 ಕಳೆದು, ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ. ಇಪ್ಪತ್ತೈದು ವಯಸ್ಸಿನ, 170 ಸೆಂ.ಮೀ., 50 ಕಿಲೊ ಇರುವ ಯುವಕನಿಗೆ ಇದು, ಅಂದರೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಡುವ ಶಕ್ತಿ, ಸುಮಾರು 1,440 ಕ್ಯಾಲೊರಿ. ಮಧ್ಯಮ ಓಡಾಟವಿದ್ದರೆ ಅದನ್ನು 1.55ರಿಂದ ಗುಣಿಸಿ, ದಿನದ ಒಟ್ಟು ಖರ್ಚು ಸುಮಾರು 2,230. ಅವನ ಗುರಿ 2,600ರ ಆಸುಪಾಸು. ಪುಸ್ತಕದಲ್ಲಿ ಬರೆದದ್ದು 1,700 ಇದ್ದರೆ ಒಂದೋ ಅಳತೆ ತಪ್ಪಿದೆ, ಇಲ್ಲವೇ ಅವನು ಅಂದುಕೊಂಡಷ್ಟು ತಿನ್ನುತ್ತಿಲ್ಲ.

ಸೇರಿಸುವುದು ಹೇಗೆ ಎಂಬಲ್ಲೇ ಬಹಳ ಜನ ಎಡವುತ್ತಾರೆ. ಅನ್ನದ ರಾಶಿ ದೊಡ್ಡದು ಮಾಡುತ್ತಾರೆ, ಎರಡು ದಿನಕ್ಕೆ ಸುಸ್ತಾಗಿ ಬಿಡುತ್ತಾರೆ. ಸಣ್ಣ ಹಸಿವಿನವರು ಹೆಚ್ಚಿಸಬೇಕಿರುವುದು ತಟ್ಟೆಯ ಗಾತ್ರವನ್ನಲ್ಲ, ತಟ್ಟೆಯಲ್ಲಿರುವುದರ ಸಾಂದ್ರತೆಯನ್ನು. ಇನ್ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 260 ಕ್ಯಾಲೊರಿ. ಅದಕ್ಕೆ ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ. ಎಣ್ಣೆ ಬೆರೆತರೆ 120 ಕ್ಯಾಲೊರಿ ಕೂಡುತ್ತದೆ. ತಟ್ಟೆ ನೋಡಿದರೆ ವ್ಯತ್ಯಾಸವೇ ತಿಳಿಯದು. ಅಷ್ಟನ್ನೇ ಅನ್ನದಿಂದ ಪಡೆಯಲು ಇನ್ನೂ 90 ಗ್ರಾಂ ಉಣ್ಣಬೇಕು. ಮೂವತ್ತು ಗ್ರಾಂ ಕಡಲೆಕಾಯಿ ಬೀಜ, ಒಂದು ಹಿಡಿ, 170 ಕ್ಯಾಲೊರಿ ಮತ್ತು ಏಳೆಂಟು ಗ್ರಾಂ ಪ್ರೋಟೀನ್ ಕೊಡುತ್ತದೆ. ಹಾಗೆಂದು ಸಿಕ್ಕಿದ್ದನ್ನೆಲ್ಲ ಕರಿದು ತಿನ್ನಿ ಎಂದಲ್ಲ. ಬೀಜಗಳು, ದ್ರವರೂಪದ ಅಡುಗೆ ಎಣ್ಣೆ, ಕೆನೆಹಾಲು, ಮೊಟ್ಟೆ, ಬೇಳೆಕಾಳು, ಮೀನು ಇವುಗಳಿಂದ ಬರಲಿ. ಕರಿದ ತಿನಿಸು, ಸಕ್ಕರೆ ಪಾನೀಯದಿಂದ ತೂಕ ಏರುತ್ತದೆ, ಆದರೆ ಅದು ಹೊಟ್ಟೆಯ ಸುತ್ತ ಕೂರುತ್ತದೆ. ಕೈಕಾಲು ಕಡ್ಡಿಯಾಗಿದ್ದೂ ರಕ್ತದಲ್ಲಿ ಕೊಬ್ಬು ಏರಿಸಿಕೊಂಡವರು ಇದ್ದಾರೆ.

ಅಗಿಯುವುದಕ್ಕಿಂತ ಕುಡಿಯುವುದು ಸುಲಭ, ದ್ರವ ಹೊಟ್ಟೆಯನ್ನು ಅಷ್ಟು ಹೊತ್ತು ತುಂಬಿಸಿಡುವುದಿಲ್ಲ. ಒಂದು ಅಳತೆ ಹೇಳುತ್ತೇನೆ: 300 ಮಿ.ಲೀ. ಕೆನೆಹಾಲು, ಮಧ್ಯಮ ಗಾತ್ರದ ಒಂದು ಬಾಳೆಹಣ್ಣು, 30 ಗ್ರಾಂ ಕೆನೆಭರಿತ ಹಾಲಿನ ಪುಡಿ, ಎರಡು ದೊಡ್ಡ ಚಮಚ ಅಂದರೆ 32 ಗ್ರಾಂ ಕಡಲೆಕಾಯಿ ಬೆಣ್ಣೆ. ಮೊದಲು ಹಾಲು, ಪುಡಿ ಹಾಕಿ ತಿರುವಿ, ಗಂಟು ಕರಗಿದ ಮೇಲೆ ಉಳಿದದ್ದು. ಸುಮಾರು 630 ಕ್ಯಾಲೊರಿ, 26 ಗ್ರಾಂ ಪ್ರೋಟೀನ್. ಮೊದಲ ವಾರ ಅರ್ಧ ಅಳತೆ, ಆಮೇಲೆ ಪೂರ್ತಿ. 630 ನಮ್ಮ ಗುರಿಗಿಂತ ಹೆಚ್ಚಾಯಿತಲ್ಲ ಎನ್ನಬೇಡಿ. ಇದನ್ನು ಕುಡಿದವರು ಊಟದಲ್ಲಿ ಗೊತ್ತಿಲ್ಲದೆ ಒಂದಿಷ್ಟು ಬಿಡುತ್ತಾರೆ. ಊಟಕ್ಕೆ ಮೊದಲು ಕುಡಿದರೆ ಊಟ ಕೆಡುತ್ತದೆ, ಹಾಗಾಗಿ ಊಟವಾದ ಒಂದೂವರೆ ಗಂಟೆಯ ನಂತರ ಅಥವಾ ಮಲಗುವ ಒಂದು ಗಂಟೆ ಮೊದಲು. ಹೊಟ್ಟೆ ಗುಡುಗುಡು ಎಂದು ಉಬ್ಬಿದರೆ ಹಾಲಿನ ಸಕ್ಕರೆ ಜೀರ್ಣವಾಗುತ್ತಿಲ್ಲ. ಹಾಲು ಮತ್ತು ಪುಡಿಯ ಬದಲು ಮೊಸರು ಬಳಸಿ, ಅಥವಾ ಹಾಲನ್ನು 100 ಮಿ.ಲೀ.ಯಿಂದ ಶುರುಮಾಡಿ ನಿಧಾನ ಏರಿಸಿ. ಕಡಲೆಕಾಯಿ ಅಲರ್ಜಿ ಇದ್ದವರು ಅದರ ತಂಟೆಗೆ ಹೋಗಬೇಡಿ.

ಹಸಿವಾದಾಗ ತಿನ್ನುತ್ತೇನೆ ಎಂದರೆ ಆಗದು. ಹಸಿವಿನ ಮಾತು ಕೇಳಿಯೇ ತಾನೇ ಇಲ್ಲಿಗೆ ಬಂದದ್ದು? ಗಡಿಯಾರ ನೋಡಿ ಮೂರು ಗಂಟೆಗೊಮ್ಮೆ, ದಿನಕ್ಕೆ ಐದು ಬಾರಿ. ಊಟಕ್ಕೆ ಮುಂಚೆ ಚೊಂಬುಗಟ್ಟಲೆ ನೀರು ಬೇಡ, ತಟ್ಟೆಯಲ್ಲಿ ತರಕಾರಿಯನ್ನು ಕೊನೆಗೆ ತಿನ್ನಿ. ಕಾಫಿ, ಚಹಾ ಊಟವಾದ ಮೇಲಿರಲಿ. ಸಿಗರೇಟು ಹಸಿವನ್ನೂ ಕೊಲ್ಲುತ್ತದೆ, ಶಕ್ತಿಯನ್ನೂ ಸುಡುತ್ತದೆ. ನಿದ್ರೆ ಏಳು ಗಂಟೆಗಿಂತ ಕಡಿಮೆಯಾಗದಿರಲಿ.

ತಿನ್ನುವುದಷ್ಟೇ ಮಾಡಿ ಭಾರ ಎತ್ತದಿದ್ದರೆ ಸೇರುವುದರಲ್ಲಿ ಹೆಚ್ಚಿನ ಪಾಲು ಕೊಬ್ಬು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಭಾರ ಹೊತ್ತ ಬಸ್ಕಿ, ನೆಲದಿಂದ ಎತ್ತುವ ಡೆಡ್‌ಲಿಫ್ಟ್, ಎದೆಯಿಂದ ದೂಡುವುದು, ತನ್ನತ್ತ ಎಳೆಯುವುದು, ತಲೆಯ ಮೇಲೆ ಎತ್ತುವುದು, ಈ ಐದು ಬಗೆ ಇಡೀ ಮೈಗೆ ಸಾಕು. ಒಂದೊಂದನ್ನೂ ಮೂರು ಸುತ್ತು, ಸುತ್ತಿಗೆ 8ರಿಂದ 12 ಸಲ, ನಡುವೆ ಎರಡು ನಿಮಿಷ ವಿರಾಮ. ಸುತ್ತು ಮುಗಿದಾಗ ಇನ್ನೊಂದೆರಡು ಸಲ ಮಾತ್ರ ಆಗುತ್ತಿತ್ತು ಅನ್ನಿಸಬೇಕು. ಮೂರೂ ಸುತ್ತಿನಲ್ಲಿ 12 ಮುಟ್ಟಿದ ದಿನ, ಮುಂದಿನ ಬಾರಿಗೆ 2.5 ಕಿಲೊ ಏರಿಸಿ. ಏರಿಸದಿದ್ದರೆ ಸ್ನಾಯುವಿಗೆ ಬೆಳೆಯಲು ಕಾರಣವೇ ಇಲ್ಲ; ಒಂದೇ ಡಂಬೆಲ್ ಹಿಡಿದು ವರ್ಷವಿಡೀ ಬೆವರಿಳಿಸುವವರು ಹಾಗೇ ಉಳಿಯುವುದು ಇದಕ್ಕೇ. ಭಾರ ಮುಟ್ಟುವ ಮುನ್ನ ಭಂಗಿಯನ್ನು ಬಲ್ಲವರಿಂದ ಕಲಿಯಿರಿ, ಸೊಂಟ ಹಿಡಿದುಕೊಂಡರೆ ತಿಂಗಳು ಹಾಳು. ಪ್ರೋಟೀನ್ ದಿನಕ್ಕೆ ತೂಕದ ಪ್ರತಿ ಕಿಲೊಗೆ 1.6 ಗ್ರಾಂ, ಮೇಲಿನ ಯುವಕನಿಗೆ 80 ಗ್ರಾಂ, ನಾಲ್ಕು ಹೊತ್ತಿಗೆ ಹಂಚಿದರೆ ಇಪ್ಪತ್ತಿಪ್ಪತ್ತು. ಅದಕ್ಕಿಂತ ಹೆಚ್ಚು ತಿಂದರೆ ಹೊಟ್ಟೆ ಬೇಗ ತುಂಬಿ ಒಟ್ಟು ಕ್ಯಾಲೊರಿಗೇ ಹೊಡೆತ. ಮೂತ್ರಪಿಂಡದ ಕಾಯಿಲೆ ಇರುವವರು ಪ್ರೋಟೀನ್ ಏರಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ತೂಕ ನೋಡುವುದು ಬೆಳಿಗ್ಗೆ, ಶೌಚ ಮುಗಿಸಿ, ಏನೂ ತಿನ್ನುವ ಮೊದಲು. ಏಳು ದಿನದ ಸರಾಸರಿ ತೆಗೆಯಿರಿ. ಉಪ್ಪು, ನೀರಿನಿಂದಲೇ ಒಂದು ದಿನದಿಂದ ಇನ್ನೊಂದಕ್ಕೆ ಒಂದು ಕಿಲೊ ಆಚೀಚೆ ಆಗುತ್ತದೆ. ಸ್ನಾಯುವಿನಲ್ಲಿ ದೇಹ ಕೂಡಿಡುವ ಸಕ್ಕರೆಯ ದಾಸ್ತಾನಾದ ಗ್ಲೈಕೊಜೆನ್ ಒಂದು ಗ್ರಾಂ ಸೇರಿದರೆ ಅದರ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಹಾಗಾಗಿ ಮೊದಲ ವಾರ ದಿಢೀರ್ ಏರಿದರೆ ಹಿಗ್ಗಬೇಡಿ, ಎರಡನೇ ವಾರ ನಿಂತರೆ ಕುಗ್ಗಬೇಡಿ. ಆಮೇಲೆ ವಾರಕ್ಕೆ ಕಾಲು ಕಿಲೊ ಏರಿದರೆ ಚೆನ್ನ, ಅರ್ಧ ಕಿಲೊ ಮೇಲ್ಮಿತಿ. ಐವತ್ತರಿಂದ ಐವತ್ತೈದಕ್ಕೆ ಐದು ತಿಂಗಳು ಹಿಡಿಯುತ್ತದೆ. ಎರಡು ವಾರ ಸರಾಸರಿ ಏರದಿದ್ದರೆ ದಿನಕ್ಕೆ ಇನ್ನೂ 200 ಕ್ಯಾಲೊರಿ ಸೇರಿಸಿ. ನಡುವೆ ಒಮ್ಮೆ ತೂಕ ನಿಂತೇ ನಿಲ್ಲುತ್ತದೆ, ಏಕೆಂದರೆ ಭಾರವಾದ ದೇಹಕ್ಕೆ ಖರ್ಚೂ ಹೆಚ್ಚು. ಯೋಜನೆ ಸೋತಿತೆಂದು ಅಲ್ಲಿ ಕೈಬಿಡಬೇಡಿ.

ಬಿಎಂಐ 16ಕ್ಕಿಂತ ಕೆಳಗಿರುವವರು, ಹತ್ತು ದಿನಕ್ಕೂ ಹೆಚ್ಚು ಕಾಲ ಸರಿಯಾಗಿ ಉಣ್ಣದಿರುವವರು ಮಾತ್ರ ಇದನ್ನು ಓದಿ ತಾವೇ ಶುರುಮಾಡಕೂಡದು. ಬತ್ತಿದ ದೇಹಕ್ಕೆ ಒಮ್ಮೆಲೇ ಊಟ ತುಂಬಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಅವರಿಗೆ ವೈದ್ಯರ ಕಣ್ಗಾವಲಿನಲ್ಲಿ ಹಂತ ಹಂತವಾಗಿ ಉಣ್ಣಿಸಬೇಕು.

ಕೊನೆಯದಾಗಿ ಡಬ್ಬಿಗಳ ವಿಷಯ. ‘ಮಾಸ್ ಗೇನರ್’ ಪುಡಿಗಳಲ್ಲಿ ಹೆಚ್ಚಿನವುಗಳ ಮುಖ್ಯ ಪದಾರ್ಥ ಮಾಲ್ಟೊಡೆಕ್ಸ್‌ಟ್ರಿನ್, ಬೇಗ ಸಕ್ಕರೆಯಾಗುವ ಪಿಷ್ಟ. ಹಾಲು ಬಾಳೆಹಣ್ಣಿಗಿಂತ ಅದು ಹೆಚ್ಚಿನದ್ದೇನೂ ಮಾಡದು. ನಿಜವಾದ ಭಯ ಇರುವುದು ಹೆಸರು ದಿಕ್ಕಿಲ್ಲದ ಮಾತ್ರೆ, ಪುಡಿಗಳ ಬಗ್ಗೆ. ಅಂಥವುಗಳಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ಹಸಿವು ಭುಗಿಲೇಳುತ್ತದೆ, ಕೆಲವೇ ವಾರಗಳಲ್ಲಿ ಮುಖ ದುಂಡಗಾಗುತ್ತದೆ, ಮನೆಯವರು ಖುಷಿಪಡುತ್ತಾರೆ. ಆದರೆ ಅದು ಕೊಬ್ಬು ಮತ್ತು ನೀರು. ಒಳಗೆ ತೋಳು ತೊಡೆಯ ಸ್ನಾಯು ಕರಗುತ್ತಿರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಸೋಂಕು ತಡೆಯುವ ಶಕ್ತಿ ಕುಂದುತ್ತದೆ. ಈಗಾಗಲೇ ವಾರಗಟ್ಟಲೆ ನುಂಗಿದವರು ಈ ಪತ್ರ ಓದಿ ಗಾಬರಿಯಿಂದ ಇವತ್ತೇ ನಿಲ್ಲಿಸುವುದೂ ಅಪಾಯ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಡಬ್ಬಿಯನ್ನು ಕೈಯಲ್ಲಿ ಹಿಡಿದೇ ತಡಮಾಡದೆ ವೈದ್ಯರ ಬಳಿ ಹೋಗಿ. ನಾಚಿಕೊಂಡು ಮುಚ್ಚಿಡಬೇಡಿ.

ಸಂಪಾದಕರಲ್ಲಿ ಒಂದೇ ಬೇಡಿಕೆ. ತೂಕ ಏರಿಸುವ ಔಷಧಿಯ ಜಾಹೀರಾತು ನಿಮ್ಮ ಮೇಜಿಗೆ ಬಂದಾಗ, ಅದರಲ್ಲಿ ಏನೇನು ಎಷ್ಟೆಷ್ಟು ಇದೆ, ತಯಾರಿಸಿದವರು ಯಾರು, ಪರವಾನಗಿ ಸಂಖ್ಯೆ ಯಾವುದು ಎಂದು ಬರಹದಲ್ಲಿ ಕೇಳಿ. ಉತ್ತರ ಬಾರದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟರೂ ಸರಿಯೇ, ಅದನ್ನು ಮಾತ್ರ ಪ್ರಕಟಿಸಬೇಡಿ.

ಇಂತಿ ವಿಶ್ವಾಸಿ,
ಓರ್ವ ಪೌಷ್ಟಿಕ ಆಹಾರ ಸಲಹೆಗಾರ್ತಿ