ಕಾರ್ಲು ಕಾರ್ಲುವಿನಿಂದ ಶ್ರೀಪಾದನಿಗೆ

ಪ್ರಿಯ ಶ್ರೀಪಾದ,

ಅಡಿಲೇಡ್ ಬಿಟ್ಟು ಇಂದಿಗೆ ಐದು ದಿನ. ಆಸ್ಟ್ರೇಲಿಯಾದ ನಡುವೆ ಹಾಯುವ ಸ್ಟುವರ್ಟ್ ಹೆದ್ದಾರಿಯ ಪಕ್ಕ ಗಾಡಿ ನಿಲ್ಲಿಸಿ, ಕಾರಿನ ಸಣ್ಣ ದೀಪದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಊರು ಟೆನಂಟ್ ಕ್ರೀಕ್ ಇನ್ನೂ ಸುಮಾರು 100 ಕಿಲೋಮೀಟರ್ ಉತ್ತರಕ್ಕಿದೆ. ಪಕ್ಕದಲ್ಲಿ ನೀನಿದ್ದಿದ್ದರೆ ಇಷ್ಟು ಹೊತ್ತಿಗೆ ಹಾಸನದ ಬಸ್ಸಿನ ಮಾತು ತೆಗೆಯುತ್ತಿದ್ದೆ.

ಇಲ್ಲಿನ ಬಂಡೆಗಳನ್ನು ನೀನು ನೋಡಬೇಕು. ಹಂಪಿಯಲ್ಲಿರುವಂಥದೇ ಗ್ರಾನೈಟ್ ಗುಂಡುಗಳು, ಒಂದರ ಮೇಲೊಂದು ಕುಳಿತಿವೆ. ಸಂಜೆಯಾದರೆ ಕೆಂಡದ ಬಣ್ಣ. ಬಿಳಿಯರು ಇವನ್ನು ಸೈತಾನನ ಗೋಲಿಗಳೆಂದರು. ವರುಮುಂಗು, ಕಯ್ಟೆಟ್ಯೆ ಮೊದಲಾದ ಮೂಲನಿವಾಸಿ ಜನರಿಗೆ ಇದು ಕಾರ್ಲು ಕಾರ್ಲು, ಅವರ ಪವಿತ್ರ ನೆಲ. 2008ರಲ್ಲಿ ಇದರ ಒಡೆತನ ಅವರಿಗೆ ಮರಳಿತು.

ಇಲ್ಲಿನ ಒಂದು ಬಂಡೆಯ ಕಥೆ ನನ್ನನ್ನು ಬಿಡುತ್ತಿಲ್ಲ. ಒಳನಾಡಿನ ರೋಗಿಗಳಿಗೆ ವಿಮಾನದಲ್ಲಿ ವೈದ್ಯರನ್ನು ಕಳಿಸುವ ಸೇವೆ ಕಟ್ಟಿದ ಪಾದ್ರಿ ಜಾನ್ ಫ್ಲಿನ್ 1951ರಲ್ಲಿ ತೀರಿಕೊಂಡರು. ಆಲಿಸ್ ಸ್ಪ್ರಿಂಗ್ಸ್ ಬಳಿಯ ಅವರ ಸಮಾಧಿಗೆಂದು ಇಲ್ಲಿಂದ ಒಂದು ಗುಂಡನ್ನು ಹೊತ್ತೊಯ್ದರು. ಈ ನೆಲದವರನ್ನು ಯಾರೂ ಕೇಳಲಿಲ್ಲ. ಅದು ತನ್ನ ಜಾಗಕ್ಕೆ ಹಿಂದಿರುಗಿದ್ದು 1999ರಲ್ಲಿ. ಸಮಾಧಿ ಬರಿದಾಗಬಾರದೆಂದು ಆಲಿಸ್ ಸ್ಪ್ರಿಂಗ್ಸ್ ಕಡೆಯ ಮೂಲನಿವಾಸಿಗಳಾದ ಅರೆರ್ನ್ಟೆ ಜನ ತಮ್ಮ ನೆಲದ ಬೇರೊಂದು ಬಂಡೆಯನ್ನು ಕೊಟ್ಟರು. ಕಿತ್ತುಕೊಂಡವರ ಮೇಲೂ ಇಷ್ಟು ದಯೆ ಹೇಗೆ ಉಳಿಯುತ್ತದೆ ಎಂದು ಆ ಗುಂಡುಗಳ ನಡುವೆ ನಿಂತು ಬಹಳ ಹೊತ್ತು ಯೋಚಿಸಿದೆ.

ಆಮೇಲೆ ಕಾರಿಗೆ ಬಂದು ಕುಳಿತೆ. ತುಸು ದೂರದಲ್ಲಿ ಒಂದು ಹಳೆಯ ವ್ಯಾನು, ಅದರ ಪಕ್ಕದಲ್ಲಿ ಎರಡು ಮಕ್ಕಳು, ಒಬ್ಬರು ಮೂಲನಿವಾಸಿ ಅಜ್ಜಿ. ಅಜ್ಜಿ ಎದ್ದು ನನ್ನ ಕಡೆಗೆ ನಡೆದು ಬಂದರು. ಇನ್ನು ಹತ್ತು ಹೆಜ್ಜೆಯಿತ್ತು. ನನ್ನ ಬೆರಳು ಬಾಗಿಲಿನ ಗುಂಡಿಯನ್ನು ಒತ್ತಿತು. ನಾಲ್ಕೂ ಬಾಗಿಲು ಒಟ್ಟಿಗೆ ಬೀಗ ಹಾಕಿಕೊಂಡ ಸದ್ದು ಆ ಬಯಲಿನಲ್ಲಿ ಚೆನ್ನಾಗಿಯೇ ಕೇಳಿಸಿತು. ಅವರು ನಿಂತರು, ನನ್ನನ್ನೊಮ್ಮೆ ನೋಡಿದರು, ಹಿಂದಿರುಗಿದರು. ನಾನು ನೀರಿನ ಕ್ಯಾನು ಹಿಡಿದು ಇಳಿಯುವಷ್ಟರಲ್ಲಿ ವ್ಯಾನು ಹೊರಟಿತ್ತು. ಅವರಿಗೆ ಏನು ಬೇಕಿತ್ತೋ, ಬರಿಯ ಕುಶಲ ಕೇಳಲು ಬಂದಿದ್ದರೋ, ನನಗೆ ಇನ್ನು ಗೊತ್ತಾಗುವುದಿಲ್ಲ.

ದಾರಿಯುದ್ದಕ್ಕೂ ಎಚ್ಚರಿಕೆಯ ಮಾತುಗಳು ಕಿವಿಗೆ ಬಿದ್ದಿದ್ದವು, ನಿಜ. ಒಂದು ಊರಿನ ಮದ್ಯದಂಗಡಿಯ ಬಾಗಿಲಲ್ಲಿ ಪೊಲೀಸರು ನನ್ನ ಮುಂದಿನ ಮೂಲನಿವಾಸಿಯನ್ನು ಎಲ್ಲಿ ಕುಡಿಯುತ್ತೀಯ ಎಂದು ವಿಚಾರಿಸಿದರು. ನನ್ನನ್ನು ಸುಮ್ಮನೆ ಒಳಗೆ ಬಿಟ್ಟರು. ನಾನೂ ಸುಮ್ಮನೆ ಒಳಗೆ ಹೋದೆ. 2007ರಲ್ಲಿ, ಮಕ್ಕಳ ರಕ್ಷಣೆಗೆಂದು ಹೇಳಿ, ಜನಾಂಗೀಯ ತಾರತಮ್ಯದ ವಿರುದ್ಧದ ಕಾಯಿದೆಯನ್ನೇ ಬದಿಗಿಟ್ಟು ಈ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಮೂಲನಿವಾಸಿ ಹಳ್ಳಿಗಳಿಗೆ ಸೈನಿಕರನ್ನು ಕಳಿಸಿದ್ದರು. ಅದನ್ನು ಓದಿದಾಗ ನನಗೆ ಕೋಪ ಬಂದಿತ್ತು.

2023ರ ಅಕ್ಟೋಬರ್ 14ರಂದು, ಮೂಲನಿವಾಸಿಗಳ ದನಿ ಸಂಸತ್ತಿಗೆ ತಲುಪಲು ಸಂವಿಧಾನದಲ್ಲೇ ಒಂದು ಮಂಡಳಿ ಇರಬೇಕೇ ಎಂದು ಇಲ್ಲಿ ಜನಮತ ಕೇಳಿದರು. ಮತಪತ್ರದಲ್ಲಿ ಉತ್ತರವನ್ನು ಕೈಯಾರೆ ಬರೆಯಬೇಕು. ನಾನು ‘ಹೌದು’ ಎಂದು ಬರೆದೆ. ಆರೂ ರಾಜ್ಯಗಳಲ್ಲಿ ‘ಇಲ್ಲ’ ಗೆದ್ದಾಗ, ಈ ದೇಶದವರಿಗೆ ಹೃದಯವಿಲ್ಲ ಎಂದು ನಿನಗೆ ಫೋನಿನಲ್ಲಿ ಹೇಳಿದೆ. ಬೀಗದ ಗುಂಡಿ ಒತ್ತಿದ್ದೂ ಅದೇ ಕೈ, ಶ್ರೀಪಾದ.

ನಾನು ಬಂದ ಮೊದಲ ವರ್ಷ ಮೆಲ್ಬರ್ನಿನ ಟ್ರಾಮಿನಲ್ಲಿ ಒಬ್ಬಾಕೆ ನನ್ನನ್ನು ಕಂಡು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಆ ರಾತ್ರಿ ನಿನಗೆ ಮೂರು ಪುಟ ಬರೆದೆ. ಈ ಅಜ್ಜಿ ವ್ಯಾನಿನಲ್ಲಿ ಆ ಮಕ್ಕಳಿಗೆ ಏನು ಹೇಳಿದರೋ.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಬಂಡೆಗಳ ಚೆಲುವನ್ನು ವರ್ಣಿಸಿ ಮುಗಿಸುವವನಿದ್ದೆ. ಅಳಿಸುವುದಿಲ್ಲ. ಆ ಮೂರು ಪುಟಗಳನ್ನು ನೀನು ಗೆಳೆಯರಿಗೆಲ್ಲ ಓದಿ ಹೇಳಿದ್ದೆ. ಅವರು ಇದನ್ನೂ ಓದಲಿ ಎಂದೇ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಇನ್ನು ನಿನ್ನ ಸುದ್ದಿ ಬರೆ. ಅಮ್ಮ ಕೊಟ್ಟ ಚಟ್ನಿಪುಡಿ ಅರ್ಧ ಡಬ್ಬಿ ಉಳಿದಿದೆ, ಡಾರ್ವಿನ್‌ವರೆಗೂ ಸಾಕು ಎಂದು ಅವರಿಗೆ ಹೇಳು. ಮೊಸರಿನ ವಿಷಯ ಮಾತ್ರ ಎತ್ತಬೇಡ. ಹೊರಗೆ ನಕ್ಷತ್ರಗಳು ತುಂಬಿವೆ. ಕಾರಿನ ಬಾಗಿಲು ತೆರೆದಿಟ್ಟುಕೊಂಡು ನೋಡುತ್ತಿದ್ದೇನೆ.

ನಿನ್ನ,
ವಾಸು