ಮೂಡಲ್ ಹಾಕಿಸಿಕೊಟ್ಟವರಿಗೆ

ಹೆಸರು ಬರೆಯಬೇಡಿ ಎಂದಿರಿ ಸರ್, ಬರೆಯುವುದಿಲ್ಲ. ಧನ್ಯವಾದ ಹೇಳದೆ ಮಾತ್ರ ಇರಲಾರೆ.

ಮನೆಯಲ್ಲಿ ಫೈಲು ಇಡುವ ನೆಟ್‌ವರ್ಕ್ ಪೆಟ್ಟಿಗೆಯಾದ ಸಿನಾಲಜಿ ನ್ಯಾಸ್‌ನಲ್ಲಿ ಆನ್‌ಲೈನ್ ಪಾಠದ ತಂತ್ರಾಂಶ ಮೂಡಲ್ ಹಾಕುವ ಕೆಲಸ, ಅದನ್ನು ಬರೆದಿರುವ ಭಾಷೆಯಾದ ಪಿಎಚ್‌ಪಿ ತಪಾಸಣೆಯಲ್ಲೇ ನಿಂತಿತ್ತು. ಒಂದು ಸಲಕ್ಕೆ ಎಷ್ಟು ಮಾಹಿತಿ ಅಂಶಗಳನ್ನು ಸ್ವೀಕರಿಸಬಹುದು ಎಂಬ ಮಿತಿ 'ಮ್ಯಾಕ್ಸ್ ಇನ್‌ಪುಟ್ ವಾರ್ಸ್' 1000 ಇದ್ದರೆ ಸಾಲದು, 5000 ಮಾಡಿ ಎಂದು ಫೋನಿನಲ್ಲೇ ಹೇಳಿದಿರಿ. ಅಷ್ಟಕ್ಕೇ ಬಿಡಲಿಲ್ಲ. ಮಕ್ಕಳು ಅಪ್‌ಲೋಡ್ ಮಾಡಿದ ಫೈಲುಗಳಿರುವ ಮೂಡಲ್‌ಡೇಟಾ ಫೋಲ್ಡರು ವೆಬ್ ಫೋಲ್ಡರಿನ ಒಳಗಿದ್ದರೆ ಹೊರಗಿನವರು ನೇರವಾಗಿ ತೆರೆಯುವ ಅಪಾಯವಿದೆ, ಅದನ್ನು ಬೇರೆಡೆಗೇ ಇಡಬೇಕು ಎಂದು ಬಿಡಿಸಿ ತಿಳಿಸಿದಿರಿ. ಮಕ್ಕಳ ವಿಷಯದಲ್ಲಿ ಈ ಕಾಳಜಿ ನನಗೆ ಎಲ್ಲಕ್ಕಿಂತ ದೊಡ್ಡದು. ಹಿನ್ನೆಲೆ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ನಿಮಿಷಕ್ಕೊಮ್ಮೆ ಓಡುವಂತೆ ಹೊಂದಿಸಿದ್ದೂ ನೀವೇ.

ಈಗ ನಮ್ಮ ಮನೆಪಾಠದ ಮಕ್ಕಳು ಕನ್ನಡ ಭಾಷಾ ಪ್ಯಾಕ್‌ನೊಂದಿಗೆ ವಿಜ್ಞಾನದ ಕ್ವಿಜ್ ಬರೆಯುತ್ತಿದ್ದಾರೆ. ದುಡ್ಡಿನ ಮಾತೆತ್ತಿದರೆ ಬೇಡವೇ ಬೇಡ ಎಂದಿರಿ. ಮೈಸೂರಿನ ಕಡೆ ಬಂದರೆ ನಮ್ಮಲ್ಲಿ ಊಟ ಮಾಡಿಕೊಂಡೇ ಹೋಗಬೇಕು.